ಯಾರಿಗೆ ಕೇಳಿಸಬಾರದು

ಎಷ್ಟು ಸದ್ದಾದರೆ ನಡೆಯುತ್ತೆ ಎಂದು ಬಂದೂಕಿನಂಗಡಿಯ ಹೆಥರಿಂಗ್ಟನ್ ಕೇಳಿದಾಗ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಉತ್ತರ ನೆವಿಲ್‌ಗೆ ಮರೆತುಹೋಯಿತು. ಇಲಿ ಹೊಡೆಯೋಕೆ ಎನ್ನಬೇಕೆಂದಿದ್ದ. ಇಲಿ, ಮೊಲ, ಕೋಸಿನ ಪಾತಿಗೆ ಇಳಿಯುವ ಕಾಡು ಪಾರಿವಾಳ. ಪೆನ್ರಿತ್ ಪೇಟೆಯ ಹಿಂದಿನ ಓಣಿಯಲ್ಲಿದ್ದ ಆ ಅಂಗಡಿಯಲ್ಲಿ ಎಣ್ಣೆಯದ್ದೂ ಒದ್ದೆ ನಾಯಿಯದ್ದೂ ವಾಸನೆ ಬೆರೆತಿತ್ತು. ನಾಯಿ ಗಲ್ಲಾದ ಕೆಳಗೆ ಮಲಗಿ ಒಂದೇ ಕಣ್ಣಿನಿಂದ ಅವನನ್ನು ನೋಡುತ್ತಿತ್ತು. ಗೋಡೆಗೆ ಸಾಲಾಗಿ ಒರಗಿಸಿದ್ದ ಏರ್‌ಗನ್ನುಗಳು ಮದುವೆ ಮನೆಯಲ್ಲಿ ಊಟಕ್ಕೆ ಕಾದು ನಿಂತ ಗಂಡಸರ ಹಾಗೆ ಕಂಡವು. ಇಪ್ಪತ್ತೆರಡು ವರ್ಷ ಈ ಬೆಟ್ಟದ ಸೀಮೆಯಲ್ಲಿ ಇದ್ದೂ ಒಮ್ಮೆಯೂ ಒಳಗೆ ಕಾಲಿಡದ ಅಂಗಡಿ. ಮೇಳಕ್ಕೆ ತಪ್ಪಾದ ಬಟ್ಟೆ ಹಾಕಿಕೊಂಡು ಬಂದವನಂತೆ ಅವನು ಸುಮ್ಮನೆ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ. ಆದಷ್ಟೂ ಕಡಿಮೆ ಸದ್ದು ಎಂದ. ಹೆಥರಿಂಗ್ಟನ್ ಎಪ್ಪತ್ತರ ಹತ್ತಿರದ ಮನುಷ್ಯ. ಅವಸರ ಎಂಬ ಪದಾರ್ಥವನ್ನು ಅಂಗಡಿಯಲ್ಲಿ ಇಟ್ಟುಕೊಂಡವನಲ್ಲ. ಒಂದೊಂದೇ ಕೆಳಗಿಳಿಸಿ ವಿವರಿಸಿದ. ಇದು ಸ್ಪ್ರಿಂಗಿನದು, ಅಗ್ಗ, ಬಾಳಿಕೆ ಬರುತ್ತೆ, ಆದರೆ ಒಳಗೆ ತಂತಿ ಜಿಗಿದಾಗ ಭುಜಕ್ಕೂ ಒದೆಯುತ್ತೆ, ಅಕ್ಕಪಕ್ಕದವರಿಗೂ ಹೇಳುತ್ತೆ. ಇದು ಗಾಳಿ ತುಂಬಿಸಿಡುವಂಥದ್ದು, ಒದೆಯಲ್ಲ, ಮುಂದೆ ಈ ಸೈಲೆನ್ಸರ್ ತಿರುಪಿದರೆ ಚಿಟಿಕೆ ಹೊಡೆದಷ್ಟೂ ಕೇಳಿಸಲ್ಲ. ಗುಂಡು ದಪ್ಪದ್ದು ಬೇಕೋ ಸಣ್ಣದ್ದೋ. ಸಣ್ಣದು ನೇರ ಹೋಗುತ್ತೆ, ದಪ್ಪದ್ದು ನಿಧಾನ ಹೋದರೂ ಬಿದ್ದಲ್ಲಿ ಕೆಲಸ ಮುಗಿಸುತ್ತೆ. ಆಮೇಲೆ, ತೀರ ಸಾಮಾನ್ಯ ಮಾತೆಂಬಂತೆ ಹೇಳಿದ, ಗುಂಡು ಹೊರಡೋ ಸದ್ದನ್ನ ಅಡಗಿಸಬಹುದು, ತಗಲೋ ಸದ್ದನ್ನ ಅಡಗಿಸೋಕೆ ಆಗಲ್ಲ ಅಂತ. ನೆವಿಲ್ ತಲೆಯಾಡಿಸಿದ.

"ಇಷ್ಟಕ್ಕೂ ಯಾರಿಗೆ ಕೇಳಿಸಬಾರದು?" ಎಂದ ಹೆಥರಿಂಗ್ಟನ್. "ಇಲಿಗಂತೂ ಅಲ್ಲ. ಸದ್ದು ಕೇಳಿ ಓಡೋ ಹೊತ್ತಿಗೆ ಇಲಿ ಸತ್ತಿರುತ್ತೆ."

ಪಕ್ಕದ ಮನೆಯ ಮಿಸೆಸ್ ಫಿಯರನ್‌ಗೆ ಎಂದ ನೆವಿಲ್. ಅದು ಸುಳ್ಳಲ್ಲ. ಆಗಸ್ಟ್ ತಿಂಗಳಲ್ಲಿ ಭಾವಮೈದ ಅಲನ್ ಕೊಟ್ಟಿದ್ದ ಹಳೆ ಸ್ಪ್ರಿಂಗ್ ಬಂದೂಕಿನಿಂದ ಅವನು ಹಾರಿಸಿದ ಒಂದೇ ಒಂದು ಗುಂಡಿಗೆ ಆ ಮುದುಕಿ ಅಡುಗೆಮನೆಯಲ್ಲಿ ಟೀ ಕುದಿಸುವ ಪಾತ್ರೆ ಕೈಬಿಟ್ಟಿದ್ದಳು. ಮಾರನೆಯ ದಿನ ಕಲ್ಲಿನ ಗೋಡೆಯ ಆಚೆಯಿಂದ, ಯುದ್ಧ ಶುರುವಾಯ್ತೇನಪ್ಪಾ ಎಂದು ಕೇಳಿದ್ದಳು. ಅವಳು ಬೂದು ಅಳಿಲಿಗೆ ಕಿಟಕಿಯಲ್ಲಿ ಕಡಲೆಕಾಯಿ ಇಡುತ್ತಾಳೆಂದು ಊರಿಗೆಲ್ಲ ಗೊತ್ತು. ಎದುರಾಗಿ ಹೇಳುವ ಧೈರ್ಯ ಯಾರಿಗೂ ಇಲ್ಲ, ಯಾಕೆಂದರೆ ಊರಿನ ಅರ್ಧ ಜನಕ್ಕೆ ಅವಳೇ ಓದು ಕಲಿಸಿದವಳು. ಬೂದು ಅಳಿಲು ಹೊರಗಿನದು, ಸಿಡುಬು ಹೊತ್ತು ತರುತ್ತೆ, ತನಗೇನೂ ಆಗಲ್ಲ, ಇಲ್ಲಿನ ಕೆಂಪು ಅಳಿಲು ಕಣ್ಣು ಬಾಯಿ ಹುಣ್ಣಾಗಿ ಹದಿನೈದು ದಿನದಲ್ಲಿ ಸಾಯುತ್ತೆ. ಅದಕ್ಕೇ ಕಣಿವೆಯಲ್ಲಿ ಒಂದು ಗುಂಪು, ಗುಂಪಿಗೆ ಅಲನ್ ಮುಖ್ಯಸ್ಥ. ಬೂದು ಕಂಡಲ್ಲಿ ಹೊಡೆಯಬೇಕು. ಕೆಂಪು ಹೊಡೆದರೆ ಕಾನೂನಿನಲ್ಲಿ ಅಪರಾಧ, ಊರಿನಲ್ಲಿ ಅದಕ್ಕಿಂತ ದೊಡ್ಡದು. ನೆವಿಲ್ ಲೆಸ್ಟರ್‌ನಿಂದ ಬಂದು ಇಲ್ಲಿನ ಹುಡುಗಿಯನ್ನು ಮದುವೆಯಾದವನು. ಮಾವ ಬದುಕಿರುವವರೆಗೂ ಪ್ರತಿ ಕ್ರಿಸ್‌ಮಸ್‌ಗೂ ಅದೇ ತಮಾಷೆ ಮಾಡುತ್ತಿದ್ದ, ಹೊರಗಿನ ಅಳಿಲಾದ್ರೆ ಹೊಡೀತೀವಿ, ಹೊರಗಿನ ಅಳಿಯ ಆದ್ರೆ ಊಟ ಹಾಕ್ತೀವಿ ಅಂತ. ಎಲ್ಲರೂ ನಗುತ್ತಿದ್ದರು. ನೆವಿಲ್ ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಗುತ್ತಿದ್ದ. ಈಗ ಗುಂಪಿನವರು ಅವನನ್ನೇ ಆರಿಸಿದ್ದಾರೆ, ಬೂದು ಬರುವುದು ಅವನ ತೋಟದ ಗೋಡೆಯ ಮೇಲಿನಿಂದ ಅಂತ. ಅಳಿಲುಗಳಿಗೆಂದು ತೋಟದಲ್ಲಿಟ್ಟ ಕಾಳಿನ ಪೆಟ್ಟಿಗೆಯ ಮುಚ್ಚಳದ ಕೆಳಗೆ ಅಂಟುಪಟ್ಟಿ ಅಂಟಿಸಿ ಸೆಪ್ಟೆಂಬರಿನಲ್ಲಿ ತೆಗೆದು ನೋಡಿದಾಗ ಬೂದು ಕೂದಲು ಸಿಕ್ಕಿತ್ತು. ಪಟ್ಟಿಯನ್ನು ಬೆಳಕಿಗೆ ಹಿಡಿದು ಅಲನ್ ಹೇಳಿದ್ದ, ನೋಡು ಭಾವ, ಎಷ್ಟು ಚೆನ್ನಾಗಿ ಕಾಣ್ತಿದೆ. ನೆವಿಲ್ ಬಾಗಿ ನೋಡಿ, ಹೌದು ಚೆನ್ನಾಗಿ ಕಾಣ್ತಿದೆ ಎಂದಿದ್ದ. ಕೂದಲು ಕೂದಲಾಗಿತ್ತು.

ಆದರೆ ಮಿಸೆಸ್ ಫಿಯರನ್ ಎಂಬ ಉತ್ತರದ ಹಿಂದೆ ಇನ್ನೊಂದು ಉತ್ತರ ಕೂತಿತ್ತು, ಕಾರಿನ ಹಿಂದಿನ ಸೀಟಿನಲ್ಲಿ ಮಾತಾಡದೆ ಕೂತ ನೆಂಟನ ಹಾಗೆ. ಆಗಸ್ಟಿನ ಆ ಬೆಳಿಗ್ಗೆ ರಾತ್ರಿಯ ಮಳೆಗೆ ಎಲ್ಲ ತೊಯ್ದಿತ್ತು. ಏಳೂವರೆಗೆ ಗೋಡೆಯ ಮೇಲೆ ಒಂದು ಅಳಿಲು ಬಂತು. ಚಳಿಗಾಲದಲ್ಲಾದರೆ ಕೆಂಪಿನ ಕಿವಿಯ ಮೇಲೆ ಕುಚ್ಚು ಇರುತ್ತೆ, ಅವನು ಅದನ್ನೇ ನೋಡುತ್ತಿದ್ದ. ಬೇಸಿಗೆಯಲ್ಲಿ ಕುಚ್ಚು ಉದುರುತ್ತೆ. ಬೂದು ದಪ್ಪ, ಆದರೆ ಮರಿ ಬೂದು ಕೆಂಪಿನಷ್ಟೇ ಇರುತ್ತೆ. ಬಾಲದ ಸುತ್ತ ಬಿಳಿ ಅಂಚು ಇದ್ದರೆ ಬೂದು, ಆದರೆ ಬಾಲ ನೆನೆದು ಹಗ್ಗವಾಗಿತ್ತು. ಬೇರೆ ಯಾರಾದರೂ ಇದ್ದಿದ್ದರೆ ಇದೆಲ್ಲ ಲೆಕ್ಕ ಹಾಕುತ್ತಲೇ ಇರಲಿಲ್ಲ, ಕಣ್ಣು ಬಿಟ್ಟು ನೋಡುತ್ತಿದ್ದರು ಅಷ್ಟೆ. ಸಂಶಯ ಬಂದರೆ ಹೊಡೀಬೇಡ ಅನ್ನೋದು ಗುಂಪಿನ ಮೊದಲ ನಿಯಮ. ಹೊಡೆದ. ಯಾಕೆ ಹೊಡೆದನೆಂದು ಅವನು ಎರಡು ತಿಂಗಳಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದಾನೆ. ಸಂಶಯವೇ ತನ್ನ ಸಾಮಾನ್ಯ ಸ್ಥಿತಿಯಾದವನು ಸಂಶಯ ಬಂತೆಂದು ಯಾವಾಗ ಗುರುತಿಸಬೇಕು? ಓಡಿಹೋಗಿ ಎತ್ತಿಕೊಂಡರೆ ಅಂಗೈಯಲ್ಲಿ ಬೆಚ್ಚಗೆ, ನೆನೆದು, ಹಗುರವಾಗಿ, ಕಪ್ಪಗೆ, ಅಥವಾ ಕಂದಾಗಿ, ಅಥವಾ ಇನ್ನೇನೋ ಆಗಿ ಬಿದ್ದುಕೊಂಡಿತ್ತು. ಕಿಟಕಿಯ ಹತ್ತಿರ ಹಿಡಿದ, ಆಕಾಶಕ್ಕೆ ಹಿಡಿದ. ಸತ್ತದ್ದು ಕೈಯಲ್ಲೇ ಇದೆ, ಯಾವುದು ಸತ್ತದ್ದು ಅಂತ ಗೊತ್ತಿಲ್ಲ. ಒಳಗಿಂದ ಹೆಂಡತಿ ಲೋರ್ನಾ ಬರುವ ಚಪ್ಪಲಿ ಸದ್ದು. ವ್ಯಾನಿನಲ್ಲಿದ್ದ ದನದ ಮೇವಿನ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಗೊಬ್ಬರದ ಗುಂಡಿಯ ಹಿಂದೆ ಎಸೆದು, ಎದುರು ಬಂದವಳಿಗೆ, ತಪ್ಪಿಹೋಯ್ತು ಎಂದ; ಅವಳು ಒಳಗೆ ಹೋದ ಮೇಲೆ ಅಲ್ಲೇ ಹೂತ. ಸಂಜೆ ಅಲನ್ ಬಂದು, ತಪ್ಪು ನಿಂದಲ್ಲ ಮಾರಾಯ, ಆ ಹಾಳು ಬಂದೂಕಿನದು, ಅದರ ಸದ್ದಿಗೇ ಅರ್ಧ ಕಣಿವೆ ಓಡುತ್ತೆ, ಒಳ್ಳೇದೊಂದು ಕೊಡಿಸ್ತೀವಿ ಎಂದು ಬೆನ್ನು ತಟ್ಟಿದ್ದ. ಒಂದು ವಾರದ ಮೇಲೆ ಲೋರ್ನಾ ಪಾತ್ರೆ ತೊಳೆಯುತ್ತಾ, ಮರದ ಪೊಟರೆಯಲ್ಲಿ ಮರಿ ಹಾಕಿದ್ದ ಆ ಕೆಂಪು ತಾಯಿ ಯಾಕೋ ಕಾಣ್ತಾನೇ ಇಲ್ಲ ಅಂದಿದ್ದಳು. ಸೆಪ್ಟೆಂಬರಿನಲ್ಲಿ ಬೂದು ಕೂದಲು ಸಿಕ್ಕಿತಲ್ಲ, ಅಂದರೆ ಬೂದು ಬದುಕಿದೆ, ಅಂದರೆ ತಾನು ಹೊಡೆದದ್ದು... ಅಥವಾ ಎರಡು ಬೂದು ಇದ್ದಿರಬಹುದು. ಮೇವು ಹಂಚುತ್ತಾ ಹಳ್ಳಿಯಿಂದ ಹಳ್ಳಿಗೆ ವ್ಯಾನು ಓಡಿಸುವಾಗ ಇದೊಂದೇ ಲೆಕ್ಕ ಅವನ ತಲೆಯಲ್ಲಿ ತಿರುಗುತ್ತಿತ್ತು. ರಸ್ತೆಯ ಸಿಗ್ನಲ್ ದೀಪದ ಕಂಬದಲ್ಲಿ ಮೇಲಿನದು ಹತ್ತಿದರೆ ನಿಲ್ಲು, ಕೆಳಗಿನದು ಹತ್ತಿದರೆ ಹೋಗು. ಅಳಿಲಿಗೆ ಮೇಲೆ ಕೆಳಗೆ ಇಲ್ಲ.

ಹೆಥರಿಂಗ್ಟನ್ ಅವನನ್ನು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದ. ಅಂಗಡಿಯ ಪದ್ಧತಿ ಇದು: ಮೂವತ್ತು ಗಜ ದೂರದ ರಟ್ಟಿಗೆ ಐದು ಗುಂಡು ಹೊಡೆಯಬೇಕು, ಐದೂ ತೂತು ಒಂದು ಹತ್ತು ಪೆನ್ನಿ ನಾಣ್ಯದಡಿ ಮುಚ್ಚಬೇಕು. ಮುಚ್ಚದಿದ್ದರೆ ಅವನು ಬಂದೂಕು ಮಾರುವುದಿಲ್ಲ, ಹೋಗಿ ಅಭ್ಯಾಸ ಮಾಡು ಎಂದು ಟೀ ಕೊಟ್ಟು ಕಳಿಸುತ್ತಾನೆ. ನೆವಿಲ್ ಸೈಲೆನ್ಸರ್ ಇದ್ದದ್ದನ್ನು ಭುಜಕ್ಕೆ ಒರಗಿಸಿದ. ಬಿಳಿ ರಟ್ಟು, ಕಪ್ಪು ವೃತ್ತ: ಜಗತ್ತು ಇಷ್ಟೇ ಆಗಿದ್ದರೆ ಅವನಷ್ಟು ನೆಮ್ಮದಿಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಬಂದೂಕು ಮೂಗಿನಿಂದ ಉಸಿರು ಬಿಟ್ಟಷ್ಟು ಸದ್ದು ಮಾಡಿತು. ಐದು ಸಲ. ಹೆಥರಿಂಗ್ಟನ್ ರಟ್ಟು ತಂದು ನಾಣ್ಯ ಇಟ್ಟು ನೋಡಿದ, ನಾಣ್ಯದ ಅಂಚಿನಲ್ಲಿ ಇನ್ನೂ ಜಾಗ ಉಳಿದಿತ್ತು. ಇಷ್ಟು ಚೆನ್ನಾಗಿ ಹೊಡೆಯೋನು ಆಗಸ್ಟಲ್ಲಿ ತಪ್ಪಿದ್ದು ಹೇಗೆ, ಅಲನ್ ಹೇಳಿದ್ನಲ್ಲ ಎಂದ. ನೆವಿಲ್‌ನ ಕಿವಿ ಬಿಸಿಯಾಯಿತು. ಹೊಗಳಿಕೆಯೋ ವಿಚಾರಣೆಯೋ ತಿಳಿಯಲಿಲ್ಲ. ಆಮೇಲೆ ಹೆಥರಿಂಗ್ಟನ್ ಮೇಲಿನ ದುರ್ಬೀನಿನ ತಿರುಗುಗುಂಡಿ ಮುಟ್ಟಿ, ಮಬ್ಬು ಬೆಳಕಲ್ಲಿ ಬೇಕಾಗುತ್ತೆ, ಗೆರೆಗಳ ನಡುವೆ ಒಂದು ಚುಕ್ಕಿ ಹತ್ತುತ್ತೆ, ಕೆಂಪು, ಹಸಿರು ಎರಡು ಬಣ್ಣ ಇದೆ, ನಿನ್ನ ಕಣ್ಣಿಗೆ ಯಾವುದು ಹೊಂದುತ್ತೋ ನೋಡು ಎಂದು ಕೊಟ್ಟ. ನೆವಿಲ್ ಅಂಗಳದ ಕೊನೆಯ ಇಟ್ಟಿಗೆ ಗೋಡೆಗೆ ಗುರಿ ಇಟ್ಟು ನೋಡಿದ. ಗೆರೆಗಳು ಇದ್ದವು. ನಡುವೆ ಏನೂ ಇರಲಿಲ್ಲ.

"ಕಾಣ್ತಿದೆಯಾ?"

"ಕಾಣ್ತಿದೆ."

"ಯಾವ ಬಣ್ಣ?"

ಅರ್ಧಕ್ಕರ್ಧ ಅವಕಾಶ. ಹದಿನೇಳನೆಯ ವಯಸ್ಸಿನಲ್ಲಿ ಅಷ್ಟೂ ಇರಲಿಲ್ಲ. ಲೆಸ್ಟರ್‌ನ ರೈಲ್ವೆ ಆಫೀಸಿನ ಕೋಣೆ, ಕಣ್ಣು ಪರೀಕ್ಷಿಸುವ ಬಿಳಿ ಕೋಟಿನವನು ಬಣ್ಣದ ಚುಕ್ಕಿಗಳ ಹಾಳೆ ತಿರುಗಿಸುತ್ತಾ ಒಳಗೆ ಯಾವ ಅಂಕಿ ಇದೆ ಎನ್ನುತ್ತಿದ್ದ. ಬಾಗಿಲ ಬಳಿ ಸಿಗ್ನಲ್ ಕೆಲಸದ ಅಪ್ಪ ಟೋಪಿ ಕೈಯಲ್ಲಿ ಹಿಡಿದು, ಮಗನೂ ನಾಳೆಯಿಂದ ರೈಲ್ವೆಯವನೇ ಎಂಬ ಮುಖ ಮಾಡಿಕೊಂಡು ನಿಂತಿದ್ದ. ಎಂಟು ಎಂದಿದ್ದ ನೆವಿಲ್. ಐದು ಎಂದಿದ್ದ. ಹಾಳೆಯಲ್ಲಿ ಅಂಕಿಯೇ ಇಲ್ಲದಿದ್ದಾಗಲೂ ಮೂರು ಎಂದಿದ್ದ.

"ಹಸಿರು," ಎಂದ ಈಗ.

ಹೆಥರಿಂಗ್ಟನ್ ಬಂದೂಕನ್ನು ಮೆಲ್ಲಗೆ ತೆಗೆದುಕೊಂಡು ತಾನೇ ಒಮ್ಮೆ ನೋಡಿದ. ಗುಂಡಿ ತಿರುಗಿಸಿ ಚುಕ್ಕಿ ನಂದಿಸಿದ. ಒಳಗೆ ಹೋಗಿ ಎರಡು ಲೋಟ ಟೀ ತಂದ, ಗೋಡೆಯ ಮೇಲೆ ಇಟ್ಟ, ನಾಯಿ ಹಿಂದೆಯೇ ಬಂದು ಅವನ ಬೂಟಿನ ಮೇಲೆ ಕೂತಿತು. ತನ್ನ ಚಿಕ್ಕಪ್ಪನ ಕಥೆ ಹೇಳತೊಡಗಿದ, ನೆವಿಲ್‌ಗಲ್ಲ, ನಾಯಿಗೆ ಹೇಳಿದ ಹಾಗೆ. ಚಿಕ್ಕಪ್ಪ ಬೆಟ್ಟದ ಮೇಲೆ ಕುರಿ ಸಾಕಿದವನು. ಅಲ್ಲಿ ಬೇಲಿಯಿಲ್ಲ, ಒಬ್ಬೊಬ್ಬರ ಕುರಿಯ ಬೆನ್ನಿಗೆ ಒಂದೊಂದು ಬಣ್ಣದ ಗುರುತು. ಇವನದು ಕೆಂಪು ಪಟ್ಟೆ, ಪಕ್ಕದವನದು ಹಸಿರು. ನಾಲ್ಕು ವರ್ಷ ಪಕ್ಕದವನ ಕುರಿಗಳನ್ನು ಮನೆಗೆ ಹೊಡೆದುಕೊಂಡು ಬಂದ. ಕಳ್ಳ ಎಂದರು. ಎರಡು ಮನೆಗೆ ಮಾತು ನಿಂತಿತು, ಚಿಕ್ಕಮ್ಮ ಪ್ರಾರ್ಥನೆಗೆ ಹೋಗುವುದನ್ನೇ ಬಿಟ್ಟಳು. ಚಿಕ್ಕಪ್ಪ ಕಳ್ಳ ಅನ್ನಿಸಿಕೊಂಡನೇ ಹೊರತು ಕಣ್ಣಿನ ಮಾತು ಹೇಳಲಿಲ್ಲ. ಕೊನೆಗೆ ತಪ್ಪಿಸಿಕೊಂಡ ಕುರಿಗಳನ್ನು ಅವರವರಿಗೆ ಒಪ್ಪಿಸುವ ನವೆಂಬರಿನ ಸಭೆಯಲ್ಲಿ, ಎರಡು ಗ್ಲಾಸ್ ಏರಿಸಿ ನಿಂತು ಹೇಳಿಬಿಟ್ಟ.

"ಆಮೇಲೆ?" ಎಂದ ನೆವಿಲ್.

"ಆಮೇಲೇನು, ಒಂದು ವರ್ಷ ನಕ್ಕರು. ಅಂಗಿ ಯಾವ ಬಣ್ಣ ಹೇಳು, ಬಿಯರ್ ಯಾವ ಬಣ್ಣ ಹೇಳು ಅಂತ. ನಗು ಮುಗೀತು. ಮುಂದೆ ಕುರಿಯ ಕಿವಿಯಲ್ಲಿ ಒಡೆಯ ಕೊಯ್ದಿಟ್ಟ ಕಚ್ಚು ಮುಟ್ಟಿ ನೋಡಿ ಗುರುತು ಹಿಡಿತಿದ್ದ." ಟೀ ಗುಟುಕರಿಸಿ ಬಂದೂಕನ್ನು ಒಳಗಿನ ಕಪಾಟಿಗೆ ಇಟ್ಟ. "ಇದು ನಿಂದೇ. ಬೇರೆಯವರಿಗೆ ಕೊಡಲ್ಲ. ಮನೇಲಿ ಹೇಳಿ ಬಾ. ಹೇಳದೆ ಬಂದ್ರೆ ನಂಗೆ ಗೊತ್ತಾಗುತ್ತೆ, ಕಣ್ಣು ನಂದು ನೆಟ್ಟಗಿದೆ."

ವಾಪಸು ಬರುವಾಗ ನೆವಿಲ್ ಗಂಟೆಗೆ ಇಪ್ಪತ್ತು ಮೈಲಿಯಲ್ಲಿ ಬಂದ, ಹಿಂದೆ ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುವಷ್ಟು ನಿಧಾನ. ಹೆಥರಿಂಗ್ಟನ್ ಅಲನ್‌ಗೆ ಹೇಳಬಹುದು. ಹೇಳಲಿಕ್ಕಿಲ್ಲ. ಹೇಳಿದರೆ ಒಳ್ಳೆಯದು, ತಾನು ಬಾಯಿಬಿಡುವುದು ತಪ್ಪುತ್ತೆ. ಹೇಳಿದರೆ ಸರ್ವನಾಶ, ಆಗಸ್ಟಿನ ಗುಂಡು ಎಲ್ಲಿ ಹೋಯ್ತು ಅಂತ ಲೆಕ್ಕ ಹಾಕದಷ್ಟು ದಡ್ಡನಲ್ಲ ಅಲನ್. ಈ ಎರಡೂ ಒಟ್ಟಿಗೆ ನಿಜವಾಗಿದ್ದವು. ಪರೀಕ್ಷೆಯ ದಿನ ಅಪ್ಪ ಮನೆಯವರೆಗೆ ಮೂರು ಹೆಜ್ಜೆ ಮುಂದೆ ನಡೆದಿದ್ದ, ಗೇಟಿನ ಹತ್ತಿರ ಬಂದಾಗ ತಿರುಗದೆಯೇ, ಇದನ್ನ ಯಾರಿಗೂ ಹೇಳ್ಬೇಡ ಎಂದಿದ್ದ. ಯಾರಿಗೂ ಎಂದರೆ ಅಪ್ಪ ಯಾರನ್ನು ಎಣಿಸಿದ್ದ? ಅಮ್ಮನನ್ನೋ, ಓಣಿಯವರನ್ನೋ, ಇನ್ನೂ ಹುಟ್ಟಿಯೇ ಇರದಿದ್ದ ಲೋರ್ನಾಳವರೆಗೂ ಆ ಮಾತು ಬರುತ್ತಿತ್ತೋ? ಇಲ್ಲ, ಲೋರ್ನಾ ಹುಟ್ಟಿದ್ದಳು, ಈ ಬೆಟ್ಟದ ಕೆಳಗೆ ಹದಿಮೂರು ವರ್ಷದವಳಾಗಿ ಎಲ್ಲೋ ಸೈಕಲ್ ಹೊಡೆಯುತ್ತಿದ್ದಳು. ಅಪ್ಪ ಸತ್ತು ಹನ್ನೊಂದು ವರ್ಷ. ಸತ್ತವರ ಮಾತನ್ನು ಮೀರಲು ಯಾರ ಅಪ್ಪಣೆ ಕೇಳಬೇಕು? ಬೆಟ್ಟದ ಇಳಿಜಾರಿನಲ್ಲಿ ಒಣಗಿದ ಜರಿಗಿಡ ಹಬ್ಬಿತ್ತು. ಅಕ್ಟೋಬರಿನಲ್ಲಿ ಆ ಬಣ್ಣ ನೋಡೋಕೇ ಜನ ಎಲ್ಲೆಲ್ಲಿಂದಲೋ ಬರುತ್ತಾರೆ, ಗಾಡಿ ನಿಲ್ಲಿಸಿ ಸುಮ್ಮನೆ ನಿಲ್ಲುತ್ತಾರೆ. ಅವನೂ ನಿಲ್ಲಿಸುತ್ತಾನೆ, ನಿಂತವರ ಪಕ್ಕ ನಿಂತು ಅವರಷ್ಟೇ ಹೊತ್ತು ನೋಡುತ್ತಾನೆ. ಇವತ್ತು ನಿಲ್ಲಿಸಲಿಲ್ಲ.

ಲೋರ್ನಾ ಹಿತ್ತಲಲ್ಲಿ ಕಾಳಿನ ಪೆಟ್ಟಿಗೆ ತೊಳೆಯುತ್ತಿದ್ದಳು. ವಾರಕ್ಕೊಮ್ಮೆ ಔಷಧಿ ನೀರಿನಲ್ಲಿ ಉಜ್ಜಬೇಕು, ಇಲ್ಲದಿದ್ದರೆ ಒಂದರ ಎಂಜಲಿನಿಂದ ಇನ್ನೊಂದಕ್ಕೆ ಸಿಡುಬು. ಗೋಡೆಯ ಆಚೆ ಮಿಸೆಸ್ ಫಿಯರನ್ ಬಟ್ಟೆ ತೆಗೆಯುತ್ತಿದ್ದಳು. ನೆವಿಲ್‌ನನ್ನು ಕಂಡು, ಪೇಟೆಗೆ ಹೋಗಿದ್ದೆಯಂತೆ, ಏನು ತಂದೆ ಎಂದು ಕೇಳಿದಳು, ಮೇಷ್ಟರ ದನಿ ಇನ್ನೂ ಮೆತ್ತಗಾಗಿರಲಿಲ್ಲ. ಏನೂ ತರಲಿಲ್ಲ ಎಂದ. ಬರಿಗೈಯಲ್ಲಿ ಬಂದದ್ದಕ್ಕೆ ನಾಲ್ಕು ಗಂಟೆ ಬೇಕಾಯ್ತೇ ಎಂದು ಅವಳು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ಕೇಳುವವರೆಗೂ ನೆವಿಲ್ ಕಾದ. ಆಮೇಲೆ ಲೋರ್ನಾಳಿಗೆ, ಆಗಸ್ಟಲ್ಲಿ ತಪ್ಪಿರಲಿಲ್ಲ ಎಂದ. ಅವಳು ಬ್ರಷ್ ನಿಲ್ಲಿಸಿದಳು. ಅವನು ಸನಿಕೆ ತಂದು ಗೊಬ್ಬರದ ಗುಂಡಿಯ ಹಿಂದೆ ಅಗೆಯತೊಡಗಿದ. ಮುಖ ತೋರಿಸದೆ ಮಾತಾಡಲು ಅಗೆತ ಅನುಕೂಲವಾಗಿತ್ತು. ಕೆಂಪು ಬೂದು ತನಗೆ ಬೇರೆ ಬೇರೆ ಕಾಣುವುದಿಲ್ಲವೆಂದು, ಯಾವತ್ತೂ ಕಂಡಿಲ್ಲವೆಂದು, ಕೈಯಲ್ಲಿ ಹಿಡಿದು ನೋಡಿದರೂ ಗೊತ್ತಾಗಲಿಲ್ಲವೆಂದು ಮಣ್ಣಿಗೆ ಹೇಳಿದ. ಚೀಲ ಸಿಕ್ಕಿತು. ಲೋರ್ನಾ ಕೋಟಿನ ತೋಳು ಮೇಲೆ ಸರಿಸಿ, ಮಂಡಿಯೂರಿ, ಉಸಿರು ಹಿಡಿದು ಚೀಲದ ಬಾಯಿ ಬಿಡಿಸಿದಳು. ಬಾಲದ ಕೂದಲು ಹಾಗೆಯೇ ಉಳಿದಿತ್ತು. ಅವಳು ನೋಡಿದಳು.

"ಬೂದು," ಎಂದಳು.

ನೆವಿಲ್ ಸನಿಕೆಯ ಹಿಡಿಗೆ ಒರಗಿದ. ಎರಡು ತಿಂಗಳು. ನಗಬೇಕೆನ್ನಿಸಿತು. ಹಾಗಾದ್ರೆ ಅಲನ್‌ಗೆ ಹೇಳೋಣ, ಖುಷಿ ಪಡ್ತಾನೆ ಎಂದ. ಬೇಡ ಎಂದಳು ಲೋರ್ನಾ, ಆಗಲೇ ಚೀಲದ ಬಾಯಿ ಗಂಟು ಹಾಕುತ್ತಾ. ಅಲನ್‌ಗೆ ಹೇಳೋದು ಬೇಡ, ಯಾರಿಗೂ ಬೇಡ, ಮುಗಿದುಹೋದದ್ದು. ಆ ಯಾರಿಗೂ ಎಂಬುದು ನೆವಿಲ್‌ನ ಬೆನ್ನಿಗೆ ತಣ್ಣಗೆ ತಾಗಿತು. ಬೂದು ಆಗಿದ್ದರೆ ಮುಚ್ಚಿಡುವಂಥದ್ದು ಏನಿದೆ? ಬೂದು ಹೊಡೆದವನಿಗೆ ಅಲನ್ ಬಿಯರ್ ಕೊಡಿಸುತ್ತಾನೆ. ಅವಳ ಮುಖ ನೋಡಿದ. ಚಳಿಗೆ ಬಣ್ಣ ಏರಿತ್ತೋ, ಇಳಿದಿತ್ತೋ. ಆ ಪುಟವೂ ಅವನಿಗೆ ಓದಲು ಬರುವುದಿಲ್ಲ. ಹನ್ನೆರಡು ಚಳಿಗಾಲದಿಂದ ಅವಳು ಹಾಕಿಕೊಳ್ಳುತ್ತಿದ್ದ ಕೋಟು ಕಣ್ಣ ಮುಂದಿತ್ತು. ಮೊದಲ ಸಲ ಅದನ್ನು ನೋಡಿದವನ ಹಾಗೆ ಕೇಳಿದ.

"ನಿನ್ನ ಕೋಟು ಯಾವ ಬಣ್ಣ, ಲೋರ್ನಾ?"

ಅವಳು ಗಂಟು ಹಾಕುವುದನ್ನು ನಿಲ್ಲಿಸಿದಳು. "ಹಸಿರು."

"ನಾನು ಕಂದು ಅಂದ್ಕೊಂಡಿದ್ದೆ."

"ಗೊತ್ತು. ನಾನು ಕೇಳಿದ್ದೂ ಕಂದೇ. ನೀನು ತಂದಿದ್ದು ಹಸಿರು. ಎಷ್ಟು ಖುಷಿಯಿಂದ ಬಿಚ್ಚಿ ತೋರಿಸಿದೆ ಅಂದ್ರೆ..."

ಹನ್ನೆರಡು ವರ್ಷ. ಅವನು ಬಚ್ಚಿಟ್ಟದ್ದನ್ನು ಅವಳು ಬಚ್ಚಿಟ್ಟುಕೊಂಡು ಓಡಾಡಿದ್ದಳು, ಅಂಗಡಿಗೆ, ಚರ್ಚಿಗೆ, ಅಲನ್ ಮನೆಗೆ, ಆ ಹಸಿರು ಕೋಟಿನಲ್ಲಿ. ಅವನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅದರ ಹಿಂದೆಯೇ ಅವಳ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಕೈತುಂಬ ಮಣ್ಣಾಗಿತ್ತು.

"ಹಾಗಾದ್ರೆ ಇದು?" ಎಂದ, ಚೀಲ ತೋರಿಸಿ. "ಇನ್ನೊಂದ್ಸಲ ನೋಡಿ ಹೇಳು."

ಅವಳು ಇನ್ನೊಂದು ಸಲ ಚೀಲ ಬಿಚ್ಚಲಿಲ್ಲ. ಅವನನ್ನೇ ನೋಡುತ್ತಾ ಕೂತಳು. ಮಿಸೆಸ್ ಫಿಯರನ್ ಮನೆಯ ಅಡುಗೆ ದೀಪ ಹತ್ತಿತು. ಬೆಟ್ಟದ ಮೇಲೆ ಯಾರೋ ನಾಯಿಗೆ ಸೀಟಿ ಹೊಡೆಯುತ್ತಿದ್ದರು.

"ಕೆಂಪು," ಎಂದಳು. "ಆ ತಾಯಿ."

ನೆವಿಲ್ ಸನಿಕೆಯನ್ನು ಗೋಡೆಗೆ ಒರಗಿಸಿದ. ಒಳಗೆ ಹೋಗಿ, ಕೈ ತೊಳೆಯದೆಯೇ, ಫೋನ್ ಎತ್ತಿ ಅಲನ್ ನಂಬರು ಒತ್ತಿದ. ಲೋರ್ನಾ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಅಲ್ಲಿ ರಿಂಗಾಗುತ್ತಿತ್ತು. ಶನಿವಾರ ಸಂಜೆ, ದನಗಳ ಹತ್ತಿರ ಇರುತ್ತಾನೆ, ಬರಲು ಹೊತ್ತಾಗುತ್ತೆ ಎಂದಳು. ಕಾಯ್ತೀನಿ ಎಂದ ನೆವಿಲ್.